ಸಿಸ್ಟರ್ ಸ್ಲೆಡ್ಜ್: ನಡೆದು ಬಂದ ದಾರಿ

ಅಮೆರಿಕದ ಫಿಲಡೆಲ್ಫಿಯಾ ನಗರದ ನಾಲ್ವರು ಸಹೋದರಿಯರು 1971ರಲ್ಲಿ ಕಟ್ಟಿದ ‘ಸಿಸ್ಟರ್ ಸ್ಲೆಡ್ಜ್’ ಗಾಯನ ತಂಡ ಅರ್ಧ ಶತಮಾನವನ್ನು ದಾಟಿ ಮುನ್ನಡೆದಿದೆ. ಆ ಹಾಡುಗಳಿಗೆ ಹೆಜ್ಜೆ ಹಾಕುತ್ತ ಬೆಳೆದ ಅಭಿಮಾನಿಗಳಾದ ನಮಗೆಲ್ಲ ಇದು ಹೆಮ್ಮೆಯ ಸಂಗತಿ. ಈ ಸಂದರ್ಭದಲ್ಲಿ ತಂಡಕ್ಕೆ ಅಡಿಪಾಯ ಹಾಕಿದ ಹಿರಿಯರನ್ನು ಸ್ಮರಿಸುವುದು ನಮ್ಮ ಕರ್ತವ್ಯ.

ಅವರಲ್ಲಿ ಮೊದಲಿಗರು ಅಜ್ಜಿ ವಯೋಲಾ ವಿಲಿಯಮ್ಸ್. ಸ್ವತಃ ಆಪೆರಾ ಗಾಯಕಿಯಾಗಿದ್ದ ಅವರು ಮೊಮ್ಮಕ್ಕಳಾದ ಡೆಬ್ಬಿ, ಜೋನಿ, ಕಿಮ್ ಮತ್ತು ಕ್ಯಾಥಿಯವರಿಗೆ ಮನೆಯಲ್ಲೇ ಸ್ವರಾಭ್ಯಾಸ ಮಾಡಿಸಿದರು. ಚರ್ಚಿನಲ್ಲಿಯೂ ಊರಿನ ಸಮಾರಂಭಗಳಲ್ಲಿಯೂ ಹಾಡುತ್ತಿದ್ದ ಈ ಬಾಲಕಿಯರನ್ನು ಆಗ ‘ಶ್ರೀಮತಿ ವಿಲಿಯಮ್ಸ್ ಅವರ ಮೊಮ್ಮಕ್ಕಳು’ ಎಂದೇ ಪರಿಚಯಿಸಲಾಗುತ್ತಿತ್ತು. ತಂದೆ ಎಡ್ವಿನ್ ಸ್ಲೆಡ್ಜ್ ಬ್ರಾಡ್‌ವೇ ರಂಗಭೂಮಿಯ ಟ್ಯಾಪ್ ನೃತ್ಯಪಟು. ತಾಯಿ ಫ್ಲೋರೆಜ್ ಹೆಣ್ಣುಮಕ್ಕಳ ಕಲಾಜೀವನಕ್ಕೆ ಬೆನ್ನೆಲುಬಾಗಿ ನಿಂತರು.

ಆರಂಭದ ದಿನಗಳು ಸುಗಮವಾಗಿರಲಿಲ್ಲ. 1974ರಲ್ಲಿ ಜೈರ್ ದೇಶದ ಕಿನ್ಶಾಸಾದಲ್ಲಿ ನಡೆದ ಬೃಹತ್ ಸಂಗೀತೋತ್ಸವದಲ್ಲಿ ಹಾಡುವ ಅವಕಾಶವೇನೋ ಒದಗಿತು. 1975ರಲ್ಲಿ ‘ಸರ್ಕಲ್ ಆಫ್ ಲವ್’ ಎಂಬ ಮೊದಲ ಆಲ್ಬಂ ಬಂತು; ‘ಮಾಮಾ ನೆವರ್ ಟೋಲ್ಡ್ ಮಿ’ ಬ್ರಿಟನ್ನಿನಲ್ಲಿ ಜನಪ್ರಿಯವಾಯಿತು. ಆದರೆ ತಾಯ್ನಾಡಿನಲ್ಲಿ ದೊಡ್ಡ ಗೆಲುವು ಮಾತ್ರ ಕೈಗೆಟುಕಲಿಲ್ಲ. 1977ರ ಎರಡನೆಯ ಆಲ್ಬಂ ಕೂಡ ಈ ಕೊರತೆಯನ್ನು ನೀಗಿಸಲಿಲ್ಲ. ಸಹೋದರಿಯರು ಎದೆಗುಂದದೆ ಹಾಡುವುದನ್ನು ಮುಂದುವರಿಸಿದರು.

ಈ ತಾಳ್ಮೆಗೆ ಫಲ ದೊರೆತದ್ದು ಅಟ್ಲಾಂಟಿಕ್ ರೆಕಾರ್ಡ್ಸ್‌ನ ಅಧ್ಯಕ್ಷ ಜೆರ್ರಿ ಗ್ರೀನ್‌ಬರ್ಗ್ ಅವರ ಮುತುವರ್ಜಿಯಿಂದ. ‘ಶಿಕ್’ ತಂಡದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಆಗ ಡಿಸ್ಕೊ ಲೋಕದಲ್ಲಿ ಮನೆಮಾತಾಗಿದ್ದರು. ಸಂಸ್ಥೆಯ ಹೆಸರಾಂತ ತಾರೆಯರೊಂದಿಗೆ ಕೆಲಸ ಮಾಡುವ ಅವಕಾಶವಿದ್ದರೂ ಅವರು ಆರಿಸಿಕೊಂಡದ್ದು ಇನ್ನೂ ನೆಲೆ ಕಾಣದಿದ್ದ ಈ ಸಹೋದರಿಯರನ್ನು. ಒಬ್ಬರಿಗೊಬ್ಬರು ಆಸರೆಯಾಗಿದ್ದ ಅಕ್ಕತಂಗಿಯರ ಬಗ್ಗೆ ಗ್ರೀನ್‌ಬರ್ಗ್ ಹೇಳಿದ ಮಾತುಗಳೇ ‘ವಿ ಆರ್ ಫ್ಯಾಮಿಲಿ’ ಹಾಡಿಗೆ ವಸ್ತುವಾದವು.

ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯಿತು. ರಾಜರ್ಸ್ ಅವರ ಚುರುಕು ಗಿಟಾರ್, ಎಡ್ವರ್ಡ್ಸ್ ಅವರ ಪುಟಿಯುವ ಬೇಸ್, ಟೋನಿ ಥಾಂಪ್ಸನ್ ಅವರ ಡ್ರಮ್ಸ್ ಹಾಡಿಗೆ ಫಂಕ್‌ನ ಕಸುವು ತುಂಬಿದವು. ಹಾಡಿಕೆ ಸಹಜವಾಗಿ ಹೊಮ್ಮಬೇಕೆಂದು ಸಾಹಿತ್ಯವನ್ನು ಗಾಯಕಿಯರಿಗೆ ಮುಂಚಿತವಾಗಿ ಕೊಟ್ಟಿರಲಿಲ್ಲ. ಹತ್ತೊಂಬತ್ತರ ಹರೆಯದ ಕ್ಯಾಥಿಯವರು ಮುಖ್ಯ ಭಾಗವನ್ನು ಒಂದೇ ಟೇಕ್‌ನಲ್ಲಿ ಹಾಡಿ ಮುಗಿಸಿದರು. ಹಾಡಿನ ಕೊನೆಯ ಭಾಗದಲ್ಲಿ ಅವರು ಸ್ಫೂರ್ತಿಯಿಂದ ಸ್ವರಗಳನ್ನು ಏರಿಸುತ್ತ ಹೋಗುವುದನ್ನೂ, ಪಲ್ಲವಿ ಮತ್ತೆ ಮತ್ತೆ ಬಂದು ಅವರನ್ನು ಕೂಡಿಕೊಳ್ಳುವುದನ್ನೂ ಕೇಳಿದವರಿಗೆ ಅಜ್ಜಿಯ ಶಿಕ್ಷಣದ ಬೆಲೆ ತಿಳಿಯುತ್ತದೆ.

1979ರಲ್ಲಿ ಬಿಡುಗಡೆಯಾದ ಈ ಹಾಡು ಅಮೆರಿಕದ ಆರ್ ಅಂಡ್ ಬಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ, ಬಿಲ್‌ಬೋರ್ಡ್ ಹಾಟ್ 100ರಲ್ಲಿ ಎರಡನೆಯ ಸ್ಥಾನಕ್ಕೂ ಏರಿತು. ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡ ಇದನ್ನು ತನ್ನ ಗೀತೆಯಾಗಿಸಿಕೊಂಡಿತು. ನಾಯಕ ವಿಲ್ಲಿ ಸ್ಟಾರ್ಜೆಲ್ ಅವರನ್ನು ಆಟಗಾರರು ಅಕ್ಕರೆಯಿಂದ ‘ಪಾಪ್ಸ್’ ಎಂದು ಕರೆಯುತ್ತಿದ್ದರು. ವರ್ಲ್ಡ್ ಸೀರೀಸ್‌ನಲ್ಲಿ 3-1ರಿಂದ ಹಿಂದೆ ಬಿದ್ದಿದ್ದ ಆ ತಂಡ ಬಾಲ್ಟಿಮೋರ್ ಓರಿಯೋಲ್ಸ್ ವಿರುದ್ಧ 4-3ರಿಂದ ಸರಣಿ ಗೆದ್ದಾಗ ಈ ಹಾಡಿನ ಕೀರ್ತಿ ಮೈದಾನಗಳಿಗೂ ಹಬ್ಬಿತು.

ಮುಂದೆ 1985ರಲ್ಲಿ ‘ಫ್ರ್ಯಾಂಕಿ’ ಬ್ರಿಟನ್ನಿನಲ್ಲಿ ಅಗ್ರಸ್ಥಾನ ಪಡೆಯಿತು. 1989ರಲ್ಲಿ ಕ್ಯಾಥಿಯವರು ಸ್ವತಂತ್ರ ಗಾಯನದ ಹಾದಿ ಹಿಡಿದರೂ ತಂಡದ ನಡೆ ನಿಲ್ಲಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ರಾಜರ್ಸ್ ಅವರು ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕೂಡಿಸಿ ‘ವಿ ಆರ್ ಫ್ಯಾಮಿಲಿ’ಯನ್ನು ಮತ್ತೆ ಹಾಡಿಸಿದರು, ಅದೇ ಹೆಸರಿನ ಪ್ರತಿಷ್ಠಾನವನ್ನೂ ಸ್ಥಾಪಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಫಿಲಡೆಲ್ಫಿಯಾಕ್ಕೆ ಬಂದಾಗ ತಂಡ ತವರಿನಲ್ಲೇ ಅವರ ಮುಂದೆ ಹಾಡಿತು. 2017ರ ಮಾರ್ಚ್‌ನಲ್ಲಿ ಜೋನಿಯವರು ನಮ್ಮನ್ನಗಲಿದರು. ಮರುವರ್ಷ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ‘ವಿ ಆರ್ ಫ್ಯಾಮಿಲಿ’ಯನ್ನು ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿರುವುದಾಗಿ ಪ್ರಕಟಿಸಿತು.

ಇಂದು ಡೆಬ್ಬಿಯವರೊಂದಿಗೆ ಮಗಳು ಕಮಿಲ್ ಕೂಡ ವೇದಿಕೆಯಲ್ಲಿ ಹಾಡುತ್ತಿದ್ದಾರೆ. ಅಜ್ಜಿ ಹಾಕಿಕೊಟ್ಟ ಪರಂಪರೆ ಮರಿಮೊಮ್ಮಗಳನ್ನೂ ತಲುಪಿದೆ.