ಒಬ್ಬನೇ ಕಂಪಿಲರಾಯ, ಮೂರು ಕ್ಯಾರೆಕ್ಟರ್

ಅಟ್ಯಾಕ್ ಆನ್ ಟೈಟನ್ ನೋಡಿದವರಿಗೆ ಆ ಶಾಕ್ ನೆನಪಿರ್ತದೆ. ಮೂರು ಸೀಸನ್ ಎರೆನ್ ಜೊತೆ ಗೋಡೆಯೊಳಗೆ ಇರ್ತೀವಿ. ನಾಲ್ಕನೇ ಸೀಸನ್ ಶುರುವಾಗೋದು ಸಮುದ್ರದ ಆ ಕಡೆ, ಗ್ಯಾಬಿ ಅನ್ನೋ ಹುಡುಗಿ ಜೊತೆ. ಅಲ್ಲಿಂದ ನೋಡಿದ್ರೆ ನಮ್ಮ ಹೀರೋನೇ ರಾಕ್ಷಸ. ಆಳು ಅದೇ, ಕಥೆ ಹೇಳೋ ಕಣ್ಣು ಬೇರೆ.

ಅದಕ್ಕೆ ಜಪಾನ್ ತನಕ ಯಾಕ್ರಿ ಹೋಗ್ಬೇಕು? ಎಚ್.ಬಿ.ಹಳ್ಳಿಯಿಂದ ಹೊಸಪೇಟೆ ಬಸ್ ಹಿಡೀರಿ, ಅಲ್ಲಿಂದ ಹಂಪಿ.

ಮೊದಲ ಫೋಟೋ ಹೇಮಕೂಟದ್ದು. ನಾವೆಲ್ಲ ಸೂರ್ಯಾಸ್ತದ ಸೆಲ್ಫಿ ತೆಗೆಯೋ ಬಂಡೆ ಪಕ್ಕದ ಹಳೇ ಗುಡಿ. ಕಂಪಿಲರಾಯ ಕಟ್ಟಿಸಿದ್ದು, ವಿಜಯನಗರ ಹುಟ್ಟೋಕೂ ಮುಂಚೆ. ಅಲ್ಲಿನ ಶಾಸನದಲ್ಲಿ ಅವನು ಮುಮ್ಮಡಿ ಸಿಂಗೆಯ ನಾಯಕನ ಮಗ, ತಂದೆತಾಯಿಯ ನೆನಪಿಗೆ ಲಿಂಗ ಇಟ್ಟವನು. ಅಂದ್ರೆ ಒಳ್ಳೇ ಮಗ. ತನ್ನ ಖರ್ಚಲ್ಲಿ ಬರೆಸಿದ ಬಯೋ ಅದು, ನೆನಪಿಟ್ಕೊಳ್ಳಿ.

ಎರಡನೇ ಕಣ್ಣು ಮೊರಾಕ್ಕೋದ ಇಬ್ನ್ ಬತೂತ. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ಸೈನ್ಯ ಕಂಪಿಲಿ ಮೇಲೆ ಬಂತು. ಕಾರಣ, ಸುಲ್ತಾನನ ಮೇಲೆ ತಿರುಗಿಬಿದ್ದ ಅವನ ಸಂಬಂಧಿ ಬಹಾಉದ್ದೀನ್ ಗುರ್ಶಾಸ್ಪ್‌ಗೆ ಕಂಪಿಲರಾಯ ಆಶ್ರಯ ಕೊಟ್ಟಿದ್ದ. ಇಬ್ನ್ ಬತೂತ ಹೇಳೋ ಪ್ರಕಾರ, ಕೋಟೆಯೊಳಗೆ ದವಸ ಮುಗಿದಾಗ ರಾಜ ಅತಿಥಿಯನ್ನ ಬೇರೆ ರಾಜನ ಹತ್ರ ಸುರಕ್ಷಿತವಾಗಿ ಕಳಿಸಿದ. ಅರಮನೆ ಹೆಂಗಸರು ಬೆಂಕಿಗೆ ಬಿದ್ದರು, ರಾಜ ಹೊರಗೆ ಬಂದು ಹೋರಾಡಿ ಸತ್ತ. ದಿಲ್ಲಿ ಸುಲ್ತಾನನ ಕೈಕೆಳಗೆ ಕೆಲಸ ಮಾಡಿದವನು ಎದುರಾಳಿ ರಾಜನನ್ನ ಇಷ್ಟು ಗೌರವದಿಂದ ಬರೀತಾನೆ ಅಂತ ನಾನಂತೂ ಅಂದ್ಕೊಂಡಿರಲಿಲ್ಲ. ಆದ್ರೆ ಅವನು ಯುದ್ಧ ಕಣ್ಣಾರೆ ಕಂಡವನಲ್ಲ. ದಿಲ್ಲಿಗೆ ಬಂದಿದ್ದು ಆಮೇಲೆ, ಪುಸ್ತಕ ಬರೆಸಿದ್ದು ಊರಿಗೆ ವಾಪಸ್ ಹೋದ್ಮೇಲೆ. ಇನ್ನೊಂದು ವಿಷ್ಯ, ಅವನ ಪುಸ್ತಕದಲ್ಲಿ ಕುಮಾರರಾಮ ಅನ್ನೋ ಹೆಸರೇ ಇಲ್ಲ.

ನಮಗೆ ಗೊತ್ತಿರೋದು ಮಾತ್ರ ಕುಮಾರರಾಮನೇ. ಶಿವಣ್ಣನ ಸಿನಿಮಾದಿಂದಾದ್ರೂ ಗೊತ್ತಿರ್ತದೆ. ಯುದ್ಧ ಆಗಿ ಸುಮಾರು 200 ವರ್ಷ ಆದ್ಮೇಲೆ ನಂಜುಂಡ ಕವಿ ಅವನ ಕಥೆಯನ್ನ ಸಾಂಗತ್ಯದಲ್ಲಿ ಬರೆದ. ಇಲ್ಲಿ ಕಂಪಿಲರಾಯ ಉಲ್ಟಾ. ಕಿರಿ ಹೆಂಡತಿ ರತ್ನಾಜಿ ಮಾತು ಕೇಳಿ ಸ್ವಂತ ಮಗನ ತಲೆ ತೆಗೀರಿ ಅಂದ ದಡ್ಡ ಅಪ್ಪ. ಮಂತ್ರಿ ಬೈಚಪ್ಪ ರಾಮನನ್ನ ಬಚ್ಚಿಟ್ಟು ಬೇರೆಯವನ ತಲೆ ತೋರಿಸ್ತಾನೆ. ಮಗ ದೊಡ್ಡವನಾಗ್ಬೇಕು ಅಂದ್ರೆ ಅಪ್ಪ ಸಣ್ಣವನಾಗ್ಲೇಬೇಕಿತ್ತೇನೋ.

ಸರಿ, ರತ್ನಾಜಿ? ನಮ್ಮಜ್ಜಿ ಬಾಯಲ್ಲಿ ಈ ಹೆಸರು ಒಂದು ಬೈಗುಳ. ಅರಮನೆಗೆ ಚೆಂಡು ಹುಡುಕ್ಕೊಂಡು ಬಂದ ಮಲಮಗನ ಮೇಲೆ ಆಸೆಪಟ್ಟಳು, ಅವನು ಒಪ್ಪದಿದ್ದಾಗ ಚಾಡಿ ಹೇಳಿದಳು. ಇಡೀ ಕಾವ್ಯದಲ್ಲಿ ಅವಳಿಗೆ ಇರೋ ಕೆಲಸ ಇದೇ ಅನ್ನಿಸ್ತದೆ. ತೆಲುಗಿನ ಸಾರಂಗಧರನ ಕಥೆ ತಗೊಳ್ಳಿ, ಅಲ್ಲಿ ಚಿತ್ರಾಂಗಿ. ಪಂಜಾಬಿನ ಪೂರಣ್ ಭಗತ್ ಕಥೇಲೂ ಮಲತಾಯಿ, ಅದೇ ಆಸೆ, ಅದೇ ಚಾಡಿ. ಗ್ರೀಕರ ಫೀಡ್ರಾನೂ ಹಂಗೇ. ಅಚ್ಚು ಮೊದಲೇ ರೆಡಿ ಇತ್ತು, ಹೆಸರು ಮಾತ್ರ ತುಂಬಿದ್ರು ಅಂತ ನನ್ನ ಅನುಮಾನ. ಹೀರೋ ‘ಪರನಾರಿ ಸಹೋದರ’ ಅಂತ ಪ್ರೂವ್ ಮಾಡೋಕೆ ಒಬ್ಬ ಪರನಾರಿ ಬೇಕಲ್ಲ! ನಾನು ಬಿಕಾಂ, ನನಗೆ ಹೊಳೆಯೋದು ಇಷ್ಟೇ: ರತ್ನಾಜಿ ಖಾತೆಯಲ್ಲಿ ಬರೀ ಡೆಬಿಟ್ ಎಂಟ್ರಿ, ಬರೆದಿದ್ದೂ ಎದುರು ಪಾರ್ಟಿಯೇ. ಅಂಥ ಲೆಡ್ಜರ್‌ಗೆ ಯಾವ ಆಡಿಟರ್ ಸೈನ್ ಹಾಕ್ತಾನೆ ಹೇಳಿ.

ನನ್ನ ನಿದ್ದೆ ಕೆಡಿಸಿದವನು ಮಾತ್ರ ಇನ್ನೊಬ್ಬ. ಕಂಪಿಲಿ ರಾಜನ 11 ಜನ ಗಂಡುಮಕ್ಕಳು ಸೆರೆಯಾಗಿ ದಿಲ್ಲಿಗೆ ಹೋದರು, ಅಲ್ಲಿ ಮುಸ್ಲಿಮರಾದರು, ಸುಲ್ತಾನ ಅವರನ್ನ ಗೌರವದಿಂದ ಇಟ್ಕೊಂಡ ಅಂತ ಇಬ್ನ್ ಬತೂತ ಬರೀತಾನೆ. ಅವರಲ್ಲಿ ಮೂವರನ್ನ ಅವನೇ ಭೇಟಿಯಾಗಿದ್ದ. ಒಬ್ಬನ ಹೆಸರು ಅಬು ಮುಸ್ಲಿಂ. ಸುಲ್ತಾನ ಕುಡಿಯೋ ನೀರಿನ ಮೇಲೆ ಮುದ್ರೆ ಹಾಕೋದು ಅವನ ಕೆಲಸ. ಅಂದ್ರೆ ಅಪ್ಪನನ್ನ ಕೊಂದ ಸೈನ್ಯದ ದೊರೆ, ತನ್ನ ನೀರನ್ನ ನಂಬಿ ಕೊಟ್ಟಿದ್ದು ಈ ಹುಡುಗನ ಕೈಗೆ.

ಸತ್ತ ಮಗನಿಗೆ ಕಾವ್ಯ, ಸಿನಿಮಾ, ಮಲೆನಾಡಿನ ಕಡೆ ಗುಡಿ, ಪೂಜೆ. ಬದುಕಿದ ಮಗ ನಮ್ಮ ಯಾವ ಹಾಡಲ್ಲೂ ನನಗೆ ಸಿಕ್ಕಿಲ್ಲ. ಅವನು ನನ್ನ ಗೆಳೆಯ ಅಂತಾನೆ ಇಬ್ನ್ ಬತೂತ. ಆದ್ರೆ ಕಂಪಿಲಿಯಲ್ಲಿ ಅವನಪ್ಪ ಅವನನ್ನ ಏನಂತ ಕರೀತಿದ್ದ, ಅದನ್ನ ಬರೆದಿಲ್ಲ.

ಮುಂದಿನ ಪಾರ್ಟ್: ಕುಮಾರರಾಮನ ಮೇಲೆ ದಿಲ್ಲಿಯಿಂದ ಬಂದ ಮಾತಂಗಿ. ನಿಮ್ಮನೇಲಿ ಆ ಕಥೆ ಹೆಂಗೆ ಹೇಳ್ತಾರೆ, ಕಾಮೆಂಟಲ್ಲಿ ಹಾಕಿ.

#ಕಂಪಿಲಿ #ಕುಮಾರರಾಮ #ಎಚ್‌ಬಿಹಳ್ಳಿ