ಬೀಸುಕಲ್ಲಿನ ಮುಂದೆ ಕಲಿತ ಮಾತು

ಅಕ್ಷರ ಕಲಿಸುವಂತೆಯೇ ಎಳೆಯರಿಗೆ ತಮ್ಮ ದುಃಖ, ಸಿಟ್ಟು, ಅಂಜಿಕೆಗಳನ್ನು ಗುರುತಿಸಿ ಹೇಳಿಕೊಳ್ಳುವುದನ್ನೂ ಕಲಿಸಬೇಕೆಂಬ ವಿಚಾರ ಇಂದಿನ ಶಿಕ್ಷಣತಜ್ಞರಲ್ಲಿ ಬಲವಾಗಿದೆ. ಚಿತ್ರ, ಹಾಡು, ನಾಟಕಗಳೇ ಇದಕ್ಕೆ ತಕ್ಕ ಸಾಧನಗಳೆಂದೂ ಹೇಳುತ್ತಾರೆ. ವಿಚಾರಕ್ಕೆ ಇಟ್ಟ ಹೆಸರು ಹೊಸದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಮನೆಗಳಲ್ಲಿ ಈ ಕೆಲಸ ಬಹುಕಾಲದಿಂದ ನಡೆದುಬಂದಿತ್ತು. ಅಲ್ಲಿನ ಹೆಣ್ಣುಮಕ್ಕಳಿಗೆ ಬೀಸುಕಲ್ಲೇ ಅದರ ಶಾಲೆ.

1929ರ ಶಾರದಾ ಕಾಯಿದೆ ಹೆಣ್ಣಿನ ಮದುವೆಗೆ ಗೊತ್ತುಪಡಿಸಿದ ಕನಿಷ್ಠ ವಯಸ್ಸೇ 14. ಅದಕ್ಕಿಂತ ಎಳೆಯ ವಯಸ್ಸಿನಲ್ಲಿ ಗಂಡನ ಮನೆ ಸೇರಿದ ಹುಡುಗಿಯರಿಗೆ ಅತ್ತೆಯೆದುರು ನೋವನ್ನಾಡುವ ಸ್ವಾತಂತ್ರ್ಯವೆಲ್ಲಿತ್ತು? ಕೋಳಿ ಕೂಗುವ ಮುನ್ನವೆದ್ದು ಜೋಳ ಬೀಸುವಾಗ ಮಾತ್ರ ತವರಿನ ನೆನಪು, ಪಂಚಮಿಗೆ ಕರೆಯಲು ಬಾರದ ಅಣ್ಣನ ಮೇಲಿನ ಮುನಿಸು, ಎಲ್ಲವೂ ಹಾಡಿನ ಮರೆಯಲ್ಲಿ ಹೊರಬರುತ್ತಿದ್ದವು. ಆಡಿದರೆ ಎದುರುಮಾತು; ಹಾಡಿದರೆ ಬೀಸುವ ಪದ!

ಆ ಪದದ ಕಟ್ಟೂ ಇದಕ್ಕೆ ಒದಗಿಬಂದಿತು. ತ್ರಿಪದಿಗೆ ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗ ಮರುಕಳಿಸುತ್ತದೆ. ಕಲ್ಲು ಸುತ್ತುತ್ತಿರಲು ಆ ಮರುಕಳಿಕೆಯಲ್ಲಿ ಮುಂದಿನ ಮಾತು ಹುಡುಕಿಕೊಳ್ಳಲು ಬಿಡುವು ದೊರೆಯುತ್ತದೆ. ಒಂದೇ ಗೂಟ ಹಿಡಿದು ಇಬ್ಬರು ಎದುರುಬದುರು ಕುಳಿತರಂತೂ ಹಿರಿಯಳು ಎತ್ತಿಕೊಟ್ಟ ಪದವನ್ನು ಕಿರಿಯಳು ತನ್ನ ಅಳಲಿಗೆ ತಕ್ಕಂತೆ ತಿದ್ದಿಕೊಳ್ಳುವಳು. ಹೆಸರಿಲ್ಲದ ಸಂಕಟಕ್ಕೆ ಹೀಗೆ ಮಾತು ಸಿಗುತ್ತಿತ್ತು.

ನಿಪ್ಪಾಣಿಯ ಕಡೆ ಮರಾಠಿ ಮನೆಗಳಲ್ಲಿ ಇದೇ ಕೆಲಸವನ್ನು ಓವಿ ಮಾಡಿತು. ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' (1129) ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುವರೆಂದು ಹೇಳುತ್ತದೆ. ಗಡಿಯ ವಾದದಲ್ಲಿ ಎರಡು ನುಡಿಗಳನ್ನು ಎದುರಾಳಿಗಳನ್ನಾಗಿ ನಿಲ್ಲಿಸಿದವರು ಈ ಹಾಡುಗಳಿಗೆ ಕಿವಿಗೊಡಲಿಲ್ಲವೆಂದೇ ತೋರುತ್ತದೆ.

1931ರಲ್ಲಿ ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದಾಗ ಇಂಥ ತ್ರಿಪದಿಗಳ ಕಾವ್ಯಗುಣಕ್ಕೆ ಓದುಬಲ್ಲವರು ಬೆರಗಾದರು. ಬೆರಗು ಯುಕ್ತವೇ. ಆದರೆ ಹಾಡಿದವಳಿಗೆ ಅದು ಕಾವ್ಯವಾಗುವ ಮುಂಚೆ ಉಸಿರಾಡುವ ದಾರಿಯಾಗಿತ್ತು. ಹಾಡು ಅವಳ ಕಷ್ಟವನ್ನು ನೀಗಿಸಿತೆಂದು ನಾನು ಹೇಳಲಾರೆ. 1978ರ ತಿದ್ದುಪಡಿ ಮದುವೆಯ ವಯಸ್ಸನ್ನು 18ಕ್ಕೆ ಏರಿಸಿತು. ಹಾಡಿನಿಂದ ಆಗದ್ದನ್ನು ಕಾಯಿದೆಯೇ ಮಾಡಬೇಕಾಯಿತು.

ಗಂಡುಹುಡುಗರ ಪಾಲಿಗೆ ಶ್ರೀಕೃಷ್ಣಪಾರಿಜಾತವಿತ್ತು. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಕಾಲದಲ್ಲಿ ಹೊಲದಲ್ಲಿ ದುಡಿವ ತರುಣ ಇರುಳಿಡೀ ಸತ್ಯಭಾಮೆಯ ಅಸೂಯೆ, ಅಭಿಮಾನಗಳನ್ನು ತನ್ನವನ್ನಾಗಿಸಿಕೊಳ್ಳಬೇಕಿತ್ತು. ಅದು ಬೇರೊಂದು ಭಾಷಣದ ವಸ್ತು.

ಹಿಟ್ಟಿನ ಗಿರಣಿ ಬಂತು, ರಟ್ಟೆಗೆ ಸುಖವಾಯಿತು. ಕಲ್ಲು ಹಿತ್ತಿಲು ಸೇರಿದೊಡನೆ ಹಾಡುವ ಹೊತ್ತೂ ಹೋಯಿತು. ಕಲ್ಲನ್ನು ಮರಳಿ ತರಬೇಕೆನ್ನುವುದು ಹೆಂಗಸರ ಬೆನ್ನುನೋವನ್ನರಿಯದವರ ಮಾತು. ಈಗ ಉಳಿದಿರುವುದು ವೇದಿಕೆಯ ಜಾನಪದ: ಇಳಕಲ್ ಸೀರೆ ಉಡಿಸಿ, ಬಾಯಿಪಾಠ ಮಾಡಿಸಿದ ಹಾಡಿಗೆ ಬಹುಮಾನ ಕೊಡುವ ಸ್ಪರ್ಧೆ. ಅದರಲ್ಲಿ ಎಲ್ಲವೂ ಇದೆ, ಹುಡುಗಿಯ ಸ್ವಂತ ಅಳಲೊಂದನ್ನು ಬಿಟ್ಟು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲಾಶಿಕ್ಷಣ ಕಡ್ಡಾಯವಾಗಿರಬೇಕೆಂದು ಸೂಚಿಸಿತು. ಆ ಅವಧಿಯಲ್ಲಿ ಅಥಣಿ, ರಾಯಬಾಗಗಳ ಮಕ್ಕಳಿಗೆ ತ್ರಿಪದಿಯ ಮಟ್ಟನ್ನಷ್ಟೇ ಕೊಟ್ಟು, ನಿಪ್ಪಾಣಿಯಲ್ಲಾದರೆ ಓವಿಯನ್ನೂ ಜೊತೆಗಿಟ್ಟು, ತಮ್ಮ ಪದವನ್ನು ತಾವೇ ಕಟ್ಟಿಕೊಳ್ಳಲು ಬಿಡಬಹುದು. ಕಟ್ಟಿದ್ದಕ್ಕೆ ಅಂಕ ಹಾಕದಿರುವುದು ಲೇಸು.