ಬೂದಿದಿಬ್ಬದ ಮೂಳೆಗಳು: ನವಶಿಲಾಯುಗದ ದನಗಾಹಿಗಳ ಬದುಕು

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಆಸುಪಾಸು ಹಳ್ಳಿಕಾರ್ ದನಗಳ ಸೀಮೆ. ಸಂಕ್ರಾಂತಿಯ ಸಂಜೆ ರಾಸುಗಳನ್ನು ಸಿಂಗರಿಸಿ ಕಿಚ್ಚು ಹಾಯಿಸುವ ರೂಢಿ ಹಳೆ ಮೈಸೂರಿನ ಈ ಭಾಗದಲ್ಲಿ ಇಂದಿಗೂ ಇದೆ. ದನ ಮತ್ತು ಬೆಂಕಿಯ ಇಂಥ ನಂಟಿನ ಬೆಳಕಿನಲ್ಲೇ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ದಖ್ಖನಿನ ನವಶಿಲಾಯುಗದ ಬೂದಿದಿಬ್ಬಗಳನ್ನು, ಅಂದರೆ ಸುಟ್ಟ ಸಗಣಿಯ ರಾಶಿಗಳನ್ನು, ಅರ್ಥೈಸಿದರು. ಅಂಥ ಒಂದು ದಿಬ್ಬವಿರುವ ಉಟ್ನೂರಿನಲ್ಲಿ 1957ರಲ್ಲಿ ಉತ್ಖನನ ನಡೆಸಿದಾಗ ಅವರಿಗೆ ದೊಡ್ಡಿಯ ಬೇಲಿಗೂಟಗಳ ಗುಳಿಗಳೂ ದನದ ಗೊರಸಿನ ಗುರುತುಗಳೂ ಸಿಕ್ಕವು. ಕೂಡಿಬಿದ್ದ ಸಗಣಿಯನ್ನು ಋತುಮಾನದ ಆಚರಣೆಯಾಗಿ ಸುಡುತ್ತಿದ್ದಿರಬೇಕೆಂದು 1963ರ ಗ್ರಂಥದಲ್ಲಿ ಅವರು ವಾದಿಸಿದರು.

ದನ ಎಲ್ಲಿ ನಿಂತಿತ್ತೆಂಬುದಕ್ಕೆ ಬೂದಿ ಸಾಕ್ಷಿ. ಅದನ್ನು ಏತಕ್ಕೆ ಸಾಕಿದ್ದರೆಂಬುದಕ್ಕೆ ಮೂಳೆಯನ್ನೇ ನೋಡಬೇಕು.

ಮೂಳೆಯಿಂದ ಮೊದಲು ಜಾತಿ ತಿಳಿಯುತ್ತದೆ. ಡುಬ್ಬದ ದನಗಳ ಬೆನ್ನುಮೂಳೆಯ ಕೆಲವು ಮಣಿಗಳ ಮೇಲ್ಮುಳ್ಳು ತುದಿಯಲ್ಲಿ ಸೀಳಿ ಎರಡಾಗಿರುತ್ತದೆ. ಹಲ್ಲು ಹುಟ್ಟಿ ಸವೆದ ಬಗೆಯಿಂದಲೂ ಕಾಲಿನ ಎಲುಬಿನ ತುದಿಗಳು ಕೂಡಿಕೊಂಡ ಹಂತದಿಂದಲೂ ಸತ್ತಾಗಿನ ವಯಸ್ಸನ್ನು ಅಂದಾಜಿಸಬಹುದು. ವರ್ಷಗಟ್ಟಲೆ ಭಾರ ಎಳೆದ ಎತ್ತಿನ ಪಾದದ ಕೀಲುಗಳಲ್ಲಿ ಎಲುಬು ಅಡ್ಡಾದಿಡ್ಡಿ ಬೆಳೆದಿರುತ್ತದೆ.

ವಯಸ್ಸಿನ ಲೆಕ್ಕದಿಂದ ಸಾಕಣೆಯ ಉದ್ದೇಶಕ್ಕೆ ಜಿಗಿಯುವಾಗ ಮಾತ್ರ ಎಚ್ಚರ ಬೇಕು. ಹಾಲಿನ ಹಿಂಡಾಗಿದ್ದರೆ ಎಳೆಯ ಹೋರಿಗರುಗಳ ಮೂಳೆ ಹೆಚ್ಚಾಗಿ ಸಿಗಬೇಕೆಂಬುದು ಪಶ್ಚಿಮದಲ್ಲಿ ರೂಪುಗೊಂಡ ಮಾದರಿ. ಆದರೆ ಕರು ಬಾಯಿ ಹಾಕದೆ ನಮ್ಮ ನಾಟಿ ಹಸು ಸಾಮಾನ್ಯವಾಗಿ ಹಾಲಿಳಿಸದು. ಕರುವನ್ನು ಕೊಂದರೆ ಕರಾವೇ ನಿಂತೀತು. ಹಾಗಾಗಿ ಎಳೆಗರುಗಳ ಮೂಳೆ ಕಡಿಮೆ ಸಿಕ್ಕಿದ ಮಾತ್ರಕ್ಕೆ ಹೈನು ಇರಲಿಲ್ಲವೆಂದು ತೀರ್ಮಾನಿಸಲಾಗದು.

ದನವನ್ನು ಏತಕ್ಕೆ ಸಾಕಿದ್ದರೆಂಬ ಚರ್ಚೆಗೆ ಗಟ್ಟಿ ಆಧಾರ ಒದಗಿಸಿದ್ದು ಸುರಪುರ ಸೀಮೆಯ ಬೂದಿಹಾಳ. ಪುರಾತತ್ವಜ್ಞ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ದನದ ದೊಡ್ಡಿ, ಅದಕ್ಕೆ ಹೊಂದಿಕೊಂಡ ವಸತಿ, ಕಲ್ಲಿನ ಅಲಗುಗಳನ್ನು ತಯಾರಿಸಿದ ಜಾಗ ಮತ್ತು ಪ್ರಾಣಿಗಳನ್ನು ಕಡಿದು ಹಸಿಗೆ ಮಾಡಿದ ನೆಲ ಬೆಳಕಿಗೆ ಬಂದವು. ಅಲ್ಲಿನ ಮೂಳೆಗಳಲ್ಲಿ ದನದವೇ ಪ್ರಧಾನ. ಈ ದನಗಾಹಿಗಳು ಗೋಮಾಂಸ ತಿನ್ನುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ. ಪ್ರಾಣಿಗಳನ್ನು ಕಡಿಯುವುದಕ್ಕೇ ಮೀಸಲಾದ ಜಾಗವಿತ್ತೆಂದರೆ ಹಲವು ಕುಟುಂಬಗಳು ಒಟ್ಟಾಗಿ ಕಡಿದು ಹಂಚಿಕೊಂಡ ಸಾಮೂಹಿಕ ಊಟಗಳೂ ಅಲ್ಲಿ ನಡೆದಿರಬಹುದು.

ಹಿಂಡುಗಳು ಋತುವಿಗೆ ತಕ್ಕಂತೆ ದೂರದ ಹುಲ್ಲುಗಾವಲಿಗೆ ಹೋಗುತ್ತಿದ್ದವೇ ಎಂಬುದನ್ನು ಹಲ್ಲಿನ ಎನಾಮೆಲ್‌ನಿಂದ ಪರೀಕ್ಷಿಸಬಹುದು. ಮೇದ ನೆಲದ ಸ್ಟ್ರಾನ್ಷಿಯಂ ಹಲ್ಲು ಬೆಳೆಯುವಾಗ ಅದರಲ್ಲಿ ಸೇರಿಕೊಳ್ಳುತ್ತದೆ. ಒಂದೇ ಹಲ್ಲಿನ ಉದ್ದಕ್ಕೂ ಸಾಲಾಗಿ ಮಾದರಿ ತೆಗೆದರೆ, ಭಿನ್ನ ಶಿಲೆಗಳ ಸೀಮೆಗಳ ನಡುವೆ ಆ ದನ ಸಂಚರಿಸಿತ್ತೇ ಎಂಬುದು ತಿಳಿಯುತ್ತದೆ.